ಕಂಡದ್ದನ್ನು ಕಾಣಿಸುವವರು

ಬೆಳಗಿನ ವೃತ್ತಪತ್ರಿಕೆಯನ್ನು ಬಿಡಿಸಿದಾಗ ನಮ್ಮ ಕಣ್ಣು ಮೊದಲು ಹೋಗುವುದು ಅಕ್ಷರದ ಕಡೆಗಲ್ಲ, ಚಿತ್ರದ ಕಡೆಗೆ. ಎಲ್ಲಿಯೋ ಒಂದು ಊರು ಉರಿಯುತ್ತಿದೆ. ಎಲ್ಲಿಯೋ ಒಬ್ಬ ತಾಯಿ ಕೂಸನ್ನು ಅವಚಿಕೊಂಡು ಓಡುತ್ತಿದ್ದಾಳೆ. ಅಯ್ಯೋ ಎನ್ನುತ್ತೇವೆ, ಕಾಫಿಯನ್ನು ಮುಗಿಸುತ್ತೇವೆ, ಹಾಳೆಯನ್ನು ಮಗುಚುತ್ತೇವೆ. ಆ ಚಿತ್ರದ ಕೆಳಗೆ ಸಣ್ಣಕ್ಷರದಲ್ಲಿ ಒಂದು ಹೆಸರು ಅಚ್ಚಾಗಿರುತ್ತದೆ. ಅದನ್ನು ಓದುವವರು ವಿರಳ. ಈ ಹೊತ್ತು ನಾನು ತಮ್ಮೊಡನೆ ಮಾತನಾಡಬೇಕೆಂದಿರುವುದು ಆ ಸಣ್ಣಕ್ಷರದ ಹೆಸರಿನವರನ್ನು ಕುರಿತು. ದೇಶದಿಂದ ದೇಶಕ್ಕೆ ಅಲೆದು ಲೋಕದ ಸುದ್ದಿಯನ್ನು ಚಿತ್ರದಲ್ಲಿ ಹಿಡಿದು ಕಳುಹಿಸುವ ಚಿತ್ರ ಬಾತ್ಮೀದಾರರ ಬಾಳು, ಅವರ ಕಸುಬು, ಅವರು ತಮ್ಮತಮ್ಮೊಳಗೆ ಕಟ್ಟಿಕೊಂಡ ಒಕ್ಕೂಟ, ಇವುಗಳನ್ನು ಕುರಿತು.

ಮಹಾಭಾರತದ ಸಂಜಯನನ್ನು ಈ ಕಸುಬಿನವರ ಮೂಲಪುರುಷನೆಂದು ಕರೆಯಬಹುದೇನೋ. ಆದರೆ ಒಂದು ದೊಡ್ಡ ವ್ಯತ್ಯಾಸವುಂಟು. ವ್ಯಾಸರ ಅನುಗ್ರಹದಿಂದ ಸಂಜಯನಿಗೆ ದಿವ್ಯದೃಷ್ಟಿ ದೊರಕಿತ್ತು. ದೂರದಲ್ಲಿ ನಡೆದದ್ದೂ ಅವನಿಗೆ ಕಾಣುತ್ತಿತ್ತು. ಇವರಿಗೆ ಆ ವರವಿಲ್ಲ. ಬರೆಯುವ ಬಾತ್ಮೀದಾರನು ಕಂಡವರ ಬಾಯಿಂದ ಕೇಳಿ, ಬಿಡಾರದಲ್ಲಿ ಕುಳಿತು, ಯುದ್ಧದ ವರ್ಣನೆಯನ್ನು ಬರೆಯಬಹುದು. ಅದರಲ್ಲಿ ತಪ್ಪೂ ಇಲ್ಲ. ಕ್ಯಾಮೆರಾಕ್ಕೆ ಮಾತ್ರ "ಅಂತೆ" ಎಂಬ ಮಾತು ಗೊತ್ತಿಲ್ಲ. ಹೀಗಾಯಿತಂತೆ, ಹಾಗಾಯಿತಂತೆ ಎಂದು ಅದು ಹೇಳಲಾರದು. ಗುಂಡು ಹಾರುವ ಕಡೆಯಲ್ಲಿಯೇ ಅದನ್ನು ಹಿಡಿದವನೂ ನಿಲ್ಲಬೇಕು. ಈ ಕಸುಬಿನ ಹೆಮ್ಮೆಯೂ ಇದೇ, ಗಂಡಾಂತರವೂ ಇದೇ.

ಇದು ಬಹಳ ಹಳೆಯ ಕಸುಬಲ್ಲ. 1855ರಲ್ಲಿ ರೋಜರ್ ಫೆಂಟನ್ ಎಂಬ ಆಂಗ್ಲೇಯನು ಕ್ರಿಮಿಯಾದ ಯುದ್ಧಭೂಮಿಗೆ ಹೋದಾಗ, ಕುದುರೆ ಎಳೆಯುವ ಬಂಡಿಯೊಂದನ್ನೇ ಕತ್ತಲೆಕೋಣೆಯನ್ನಾಗಿ ಮಾಡಿಕೊಂಡಿದ್ದ. ಗಾಜಿನ ಫಲಕಕ್ಕೆ ದ್ರಾವಣವನ್ನು ಸವರಿ, ಅದು ಆರುವುದರೊಳಗೆ ಚಿತ್ರ ತೆಗೆದು, ಅಲ್ಲಿಯೇ ತೊಳೆಯಬೇಕಾಗಿತ್ತು. ಓಡುವ ಕುದುರೆಯನ್ನಾಗಲಿ ಬೀಳುವ ಸಿಪಾಯಿಯನ್ನಾಗಲಿ ಹಿಡಿಯುವ ಚುರುಕು ಆ ಯಂತ್ರಕ್ಕೆ ಇರಲಿಲ್ಲ. ಆದಕಾರಣ ಚಿತ್ರಗಳಲ್ಲಿ ಕಾಣುವುದು ಯುದ್ಧವಲ್ಲ, ಯುದ್ಧ ಮುಗಿದ ಮೇಲಿನ ಮೌನ. 1858ರಲ್ಲಿ ಫೆಲಿಚೆ ಬಿಯಾಟೋ ಎಂಬವನು ಲಕ್ನೋ ನಗರಕ್ಕೆ ಬಂದು, ಸಿಕಂದರ್ ಬಾಗಿನ ಪಾಳುಗೋಡೆಗಳ ಮುಂದೆ ಚದರಿದ್ದ ಎಲುಬುಗಳ ಚಿತ್ರವನ್ನು ತೆಗೆದ. ಅದು ಇಂದಿಗೂ ಪ್ರಸಿದ್ಧವಾಗಿದೆ. ಆದರೆ ಚಿತ್ರಕ್ಕಾಗಿಯೇ ಆ ಎಲುಬುಗಳನ್ನು ಹೊರಕ್ಕೆ ತೆಗೆಸಿ ಹರಡಲಾಯಿತೆಂದು ಆ ಕಾಲದವರೇ ಬರೆದಿಟ್ಟಿದ್ದಾರೆ. ಎಂದರೆ ಚಿತ್ರದ ಸತ್ಯವನ್ನು ಕುರಿತ ಸಂದೇಹ ಈ ಕಸುಬಿನ ಜೊತೆಯಲ್ಲಿಯೇ ಹುಟ್ಟಿದೆಯೆಂದಾಯಿತು.

ಪರಿಸ್ಥಿತಿಯನ್ನು ಬದಲಾಯಿಸಿದ್ದು ಒಂದು ಪುಟ್ಟ ಯಂತ್ರ. 1925ರಲ್ಲಿ ಜರ್ಮನಿಯ ಲೈಪ್ಜಿಗ್ ಸಂತೆಯಲ್ಲಿ ಲೈಕಾ ಎಂಬ ಕ್ಯಾಮೆರಾ ಮಾರಾಟಕ್ಕೆ ಬಂತು. ಚಲಚ್ಚಿತ್ರಕ್ಕೆ ಉಪಯೋಗಿಸುವ 35 ಮಿಲಿಮೀಟರಿನ ಫಿಲಮನ್ನೇ ಇದಕ್ಕೂ ಸುತ್ತಬಹುದಾಗಿತ್ತು. ಒಂದು ಸುರುಳಿಯಲ್ಲಿ 36 ಚಿತ್ರ. ಅಂಗಿಯ ಜೇಬಿನಲ್ಲಿ ಅಡಗುವಷ್ಟು ಗಾತ್ರ. ಮೂರುಕಾಲಿನ ಪೀಠ ಬೇಡ, ಸಿದ್ಧತೆ ಬೇಡ, ಚಿತ್ರ ತೆಗೆಯುತ್ತಿದ್ದಾರೆಂಬುದು ಎದುರಿನವರಿಗೆ ತಿಳಿಯಲೂ ಬೇಡ. ಇದೇ ಕಾಲಕ್ಕೆ ಯೂರೋಪಿನಲ್ಲಿ ಸಚಿತ್ರ ವಾರಪತ್ರಿಕೆಗಳು ಬೆಳೆದುವು. ಪ್ಯಾರಿಸಿನಲ್ಲಿ 1928ರಲ್ಲಿ 'ವ್ಯೂ', ಅಮೆರಿಕದಲ್ಲಿ 1936ರಲ್ಲಿ 'ಲೈಫ್', ಲಂಡನ್ನಿನಲ್ಲಿ 1938ರಲ್ಲಿ 'ಪಿಕ್ಚರ್ ಪೋಸ್ಟ್' ಹೊರಟುವು. ಲಕ್ಷಾಂತರ ಓದುಗರು ವಾರವಾರವೂ ಲೋಕವನ್ನು ಚಿತ್ರದಲ್ಲಿ ನೋಡಲು ಕಾದಿದ್ದರು. ಯಂತ್ರವೂ ಸಿದ್ಧವಾಗಿತ್ತು, ಪೇಟೆಯೂ ಸಿದ್ಧವಾಗಿತ್ತು. ಬೇಕಾಗಿದ್ದದ್ದು ಅಲೆಯಲು ಹಿಂಜರಿಯದ ಜನ.

ಆ ಜನ ಬಂದದ್ದು ಬಹುಮಟ್ಟಿಗೆ ನೆಲೆ ತಪ್ಪಿದವರ ಗುಂಪಿನಿಂದ. 1913ರಲ್ಲಿ ಬುಡಾಪೆಸ್ಟಿನಲ್ಲಿ ಹುಟ್ಟಿದ ಎಂಡ್ರೆ ಫ್ರೀಡ್ಮನ್ ಎಂಬ ಯೆಹೂದಿ ಯುವಕ ಹದಿನೇಳು ಹದಿನೆಂಟರ ವಯಸ್ಸಿನಲ್ಲಿ ದೇಶ ಬಿಟ್ಟು ಬರ್ಲಿನ್ನಿಗೆ ಬಂದ. ಅಲ್ಲಿ ಹಿಟ್ಲರನ ಆಳ್ವಿಕೆ ಪ್ರಾರಂಭವಾದಾಗ ಪ್ಯಾರಿಸಿಗೆ ಓಡಿದ. ಅಲ್ಲಿ ಆತನಿಗೆ ಗೆರ್ಡಾ ಎಂಬ ಯುವತಿಯ ಪರಿಚಯವಾಯಿತು. ಆಕೆಯೂ ಜರ್ಮನಿಯಿಂದ ತಪ್ಪಿಸಿಕೊಂಡು ಬಂದವಳೇ. ದಿಕ್ಕಿಲ್ಲದ ಪರದೇಶಿಯ ಚಿತ್ರಕ್ಕೆ ಯಾರು ತಕ್ಕ ಬೆಲೆ ಕೊಟ್ಟಾರು? ಇಬ್ಬರೂ ಸೇರಿ ಒಂದು ಉಪಾಯ ಹೂಡಿದರಂತೆ. ರಾಬರ್ಟ್ ಕಾಪಾ ಎಂಬ ಸಿರಿವಂತ ಅಮೆರಿಕನ್ ಚಿತ್ರಗಾರನೊಬ್ಬನಿರುವನೆಂದೂ, ತಾವು ಆತನ ಚಿತ್ರಗಳನ್ನು ಮಾರುವ ಪ್ರತಿನಿಧಿಗಳೆಂದೂ ಸಂಪಾದಕರಿಗೆ ಹೇಳಿ ಹೆಚ್ಚು ಬೆಲೆ ಪಡೆದರು. ಗುಟ್ಟು ರಟ್ಟಾದ ಮೇಲೆ ಫ್ರೀಡ್ಮನ್ ಆ ಹೆಸರನ್ನೇ ತನ್ನದಾಗಿ ಮಾಡಿಕೊಂಡ. ಆಕೆ ಗೆರ್ಡಾ ಟಾರೋ ಆದಳು. ಇಬ್ಬರೂ 1936ರಲ್ಲಿ ಸ್ಪೇನಿನ ಅಂತರ್ಯುದ್ಧಕ್ಕೆ ಹೋದರು. 1937ರ ಜುಲೈನಲ್ಲಿ ಬ್ರೂನೆಟೆಯ ಬಳಿ ಸೈನ್ಯ ಹಿಮ್ಮೆಟ್ಟುವ ಗೊಂದಲದಲ್ಲಿ ಟ್ಯಾಂಕಿನ ಅಡಿಗೆ ಸಿಕ್ಕಿ ಗೆರ್ಡಾ ತೀರಿಕೊಂಡಳು. ಇಪ್ಪತ್ತೇಳು ತುಂಬಲು ಇನ್ನೂ ಕೆಲವು ದಿನಗಳಿದ್ದುವು.

ಇವರ ನಿತ್ಯದ ಕೆಲಸ ಹೇಗೆ ನಡೆಯುತ್ತಿತ್ತೆಂಬುದನ್ನು ಸ್ವಲ್ಪ ನೋಡೋಣ. ಪತ್ರಿಕೆಯ ಸಂಪಾದಕನು ಒಂದು ಕೆಲಸ ಒಪ್ಪಿಸುತ್ತಾನೆ. ಅಥವಾ ಚಿತ್ರಗಾರನೇ ಸ್ವಂತ ಖರ್ಚಿನಲ್ಲಿ ಹೊರಡುತ್ತಾನೆ. ಊರು ಸೇರಿದ ಮೇಲೆ ಅಲ್ಲಿನ ಭಾಷೆ ಬಲ್ಲ, ದಾರಿ ಬಲ್ಲ, ಯಾರ ಬಾಗಿಲು ತಟ್ಟಬೇಕೆಂದು ಬಲ್ಲ ಸ್ಥಳೀಯನೊಬ್ಬನನ್ನು ಹುಡುಕಿಕೊಳ್ಳಬೇಕು. ದಿನವೆಲ್ಲ ನಡೆದು, ಕಾದು, ತೆಗೆದ ಸುರುಳಿಗಳಿಗೆ ಅಂಕಿ ಹಾಕಿ, ಪ್ರತಿಯೊಂದು ಚಿತ್ರದಲ್ಲಿ ಯಾರು, ಎಲ್ಲಿ, ಯಾವಾಗ ಎಂಬ ಅಡಿಬರಹವನ್ನು ಬರೆದು, ವಿಮಾನದಲ್ಲಿ ಹೋಗುವವರ ಕೈಗೆ ಕೊಡಬೇಕು. ಸಾವಿರಾರು ಮೈಲಿ ದೂರದಲ್ಲಿ ಮತ್ತೊಬ್ಬರು ಅವನ್ನು ತೊಳೆದು, ಸಣ್ಣ ಸಣ್ಣ ಪ್ರತಿಗಳನ್ನು ಒಂದೇ ಹಾಳೆಯ ಮೇಲೆ ತೆಗೆಯುತ್ತಾರೆ. ಸಂಪಾದಕನು ಭೂತಗನ್ನಡಿ ಹಿಡಿದು, ಬಣ್ಣದ ಕಡ್ಡಿಯಿಂದ ನಾಲ್ಕೈದನ್ನು ಗುರುತುಮಾಡುತ್ತಾನೆ. ತನ್ನ ಚಿತ್ರ ಹೇಗೆ ಬಂದಿದೆಯೆಂಬುದು ತೆಗೆದವನಿಗೆ ತಿಳಿಯುವುದು ಎಷ್ಟೋ ವೇಳೆ ಪತ್ರಿಕೆ ಅಚ್ಚಾದ ಮೇಲೆಯೇ. 1944ರ ಜೂನ್ 6ರಂದು ನಾರ್ಮಂಡಿಯ ಸಮುದ್ರತೀರದಲ್ಲಿ ಸೈನಿಕರೊಡನೆ ಎದೆಮಟ್ಟದ ನೀರಿಗಿಳಿದು ಕಾಪಾ ತೆಗೆದ ಚಿತ್ರಗಳಲ್ಲಿ ಉಳಿದದ್ದು ಸುಮಾರು ಹತ್ತು ಮಾತ್ರ. ಲಂಡನ್ನಿನ ಕತ್ತಲೆಕೋಣೆಯಲ್ಲಿ ಆತುರದಿಂದ ಹೆಚ್ಚು ಶಾಖ ಕೊಟ್ಟು ಉಳಿದವುಗಳನ್ನು ಕೆಡಿಸಿದರೆಂಬುದು ಬಹುಕಾಲ ಎಲ್ಲರೂ ನಂಬಿದ್ದ ಕಥೆ. ಈಚಿನ ಸಂಶೋಧಕರು ಅದನ್ನು ಸಂದೇಹಿಸುತ್ತಾರೆ.

ಇಲ್ಲಿ ಒಂದು ಮುಖ್ಯ ಪ್ರಶ್ನೆ ಏಳುತ್ತದೆ. ಚಿತ್ರ ಯಾರದು? ಪ್ರಾಣವನ್ನು ಒತ್ತೆಯಿಟ್ಟು ತೆಗೆದವನದೋ, ಕೂಲಿ ಕೊಟ್ಟು ಕಳುಹಿಸಿದ ಪತ್ರಿಕೆಯದೋ? ಪತ್ರಿಕೆಯದೇ ಎಂಬುದು ಆಗಿನ ವಾಡಿಕೆಯಾಗಿತ್ತು. ನೆಗೆಟಿವು ಪತ್ರಿಕೆಯ ಪೆಟ್ಟಿಗೆ ಸೇರುತ್ತಿತ್ತು. ಅದನ್ನು ಎಷ್ಟು ಸಲ ಅಚ್ಚುಹಾಕಿದರೂ, ಯಾವ ದೇಶಕ್ಕೆ ಮಾರಿದರೂ, ಎಂಥ ಅಡಿಬರಹ ಹಚ್ಚಿದರೂ ತೆಗೆದವನು ಕೇಳುವಂತಿರಲಿಲ್ಲ. ಅಳುವವನ ಚಿತ್ರವನ್ನು ಕತ್ತರಿಸಿ ನಗುವವನ ಕಥೆಗೆ ಅಂಟಿಸಿದರೂ ಉಸಿರೆತ್ತುವ ಹಕ್ಕಿರಲಿಲ್ಲ. ಗದ್ದೆ ಉತ್ತವನು ಒಬ್ಬ, ಕಣಜ ಮತ್ತೊಬ್ಬನದು ಎಂಬಂತೆ.

ಈ ವಾಡಿಕೆಯನ್ನು ಮುರಿಯಲೆಂದು 1947ರಲ್ಲಿ ನ್ಯೂಯಾರ್ಕಿನಲ್ಲಿ ಒಂದು ಸಹಕಾರ ಸಂಘ ಹುಟ್ಟಿತು. ಅದರ ಹೆಸರು ಮ್ಯಾಗ್ನಂ. ಲ್ಯಾಟಿನ್ ಭಾಷೆಯಲ್ಲಿ ಆ ಶಬ್ದಕ್ಕೆ ಮಹತ್ತಾದುದು ಎಂದರ್ಥ. ದೊಡ್ಡ ಷಾಂಪೇನ್ ಸೀಸೆಗೂ ಅದೇ ಹೆಸರು. ಎರಡನೆಯ ಅರ್ಥವೂ ಸ್ಥಾಪಕರ ಮನಸ್ಸಿನಲ್ಲಿ ಇದ್ದೇ ಇತ್ತು. ಕಾಪಾ ಇದರ ಮೂಲಪ್ರೇರಕ. ಆತನ ಜೊತೆಗೆ ವಾರ್ಸಾದಲ್ಲಿ ಹುಟ್ಟಿ, ಮಿತ್ರರಿಂದ ಷಿಮ್ ಎಂದು ಕರೆಸಿಕೊಳ್ಳುತ್ತಿದ್ದ ಡೇವಿಡ್ ಸೀಮೋರ್, ಫ್ರಾನ್ಸಿನ ಆನ್ರಿ ಕಾರ್ತಿಯೆ-ಬ್ರೆಸ್ಸೋ, ಇಂಗ್ಲೆಂಡಿನ ಜಾರ್ಜ್ ರೋಜರ್, ಅಮೆರಿಕದ ವಿಲಿಯಂ ವ್ಯಾಂಡಿವರ್ಟ್. ಸಂಘವನ್ನು ನಿಶ್ಚಯಿಸಿದ ಭೋಜನಕ್ಕೆ ಸ್ಥಾಪಕರಲ್ಲಿ ಮೂವರು ಬಂದೇ ಇರಲಿಲ್ಲ. ತಾವು ಸಂಘದ ಒಡೆಯರಾಗಿರುವ ವಿಷಯ ಅವರಿಗೆ ಆಮೇಲೆ ತಿಳಿಯಿತು. ಕಾಪಾನ ಕಾರ್ಯಕ್ರಮವೆಲ್ಲ ಹೀಗೆಯೇ. ಆದರೆ ಕರಾರು ಮಾತ್ರ ಗಟ್ಟಿಯಾಗಿತ್ತು. ನೆಗೆಟಿವೂ ಗ್ರಂಥಸ್ವಾಮ್ಯವೂ ತೆಗೆದವನದು. ಪತ್ರಿಕೆ ಕೊಳ್ಳುವುದು ಒಮ್ಮೆ ಅಚ್ಚುಹಾಕುವ ಅನುಮತಿಯನ್ನು ಮಾತ್ರ. ಒಂದೇ ಚಿತ್ರವನ್ನು ಲಂಡನ್ನಿಗೂ ಪ್ಯಾರಿಸಿಗೂ ನ್ಯೂಯಾರ್ಕಿಗೂ ಬೇರೆ ಬೇರೆಯಾಗಿ ಕೊಡಬಹುದು. ಬಂದ ಹಣದಲ್ಲಿ ಒಂದು ಪಾಲು ಸಂಘಕ್ಕೆ, ಉಳಿದದ್ದು ತೆಗೆದವನಿಗೆ. ಹೊಟ್ಟೆಯ ಚಿಂತೆ ಸ್ವಲ್ಪ ತಗ್ಗಿದರೆ ಮುಂದಿನ ಕೆಲಸವನ್ನು ಅವನೇ ಆರಿಸಿಕೊಳ್ಳಬಹುದು. ಸ್ವಾತಂತ್ರ್ಯವೆಂಬ ದೊಡ್ಡ ಮಾತಿನ ಕೆಳಗೆ ಈ ಲೆಕ್ಕದ ಪುಸ್ತಕವಿತ್ತೆಂಬುದನ್ನು ನಾವು ಮರೆಯಬಾರದು.

ಸಂಘದವರು ಲೋಕವನ್ನು ಹಂಚಿಕೊಂಡರು. ಯೂರೋಪು ಷಿಮ್‌ಗೆ, ಆಫ್ರಿಕವೂ ಮಧ್ಯಪ್ರಾಚ್ಯವೂ ರೋಜರ್‌ಗೆ, ಅಮೆರಿಕ ವ್ಯಾಂಡಿವರ್ಟ್‌ಗೆ, ಭಾರತವೂ ಪೂರ್ವದೇಶಗಳೂ ಕಾರ್ತಿಯೆ-ಬ್ರೆಸ್ಸೋಗೆ, ಕಾಪಾ ಎಲ್ಲಿ ಬೇಕಾದರೆ ಅಲ್ಲಿ. ಈ ಹಂಚಿಕೆಯ ಫಲವಾಗಿಯೇ ಕಾರ್ತಿಯೆ-ಬ್ರೆಸ್ಸೋ 1947ರ ಕೊನೆಯಲ್ಲಿ ನಮ್ಮ ದೇಶಕ್ಕೆ ಬಂದ. 1948ರ ಜನವರಿ 30ರ ಮಧ್ಯಾಹ್ನ ಆತ ದೆಹಲಿಯ ಬಿರ್ಲಾ ಭವನದಲ್ಲಿ ಗಾಂಧೀಜಿಯವರನ್ನು ಕಂಡು, ತನ್ನ ಚಿತ್ರಗಳ ಪುಸ್ತಕವನ್ನು ತೋರಿಸಿ ಹೊರಬಂದಿದ್ದ. ಹೆಚ್ಚು ಹೊತ್ತು ಕಳೆಯಲಿಲ್ಲ. ಗುಂಡೇಟಿನ ಸುದ್ದಿ ಬಂತು. ಆತ ಹಿಂತಿರುಗಿ ಓಡಿದ. ಭವನದ ಹೆಬ್ಬಾಗಿಲ ಮೇಲೆ ನಿಂತು ನೆಹರೂ ಅವರು ಜನಕ್ಕೆ ಆ ವಾರ್ತೆಯನ್ನು ತಿಳಿಸಿದ ಗಳಿಗೆಯನ್ನು ಆತ ಬೀದಿಯ ದೀಪದ ಮಂಕು ಬೆಳಕಿನಲ್ಲಿಯೇ ಹಿಡಿದ. ಚಿತ್ರ ಸ್ವಲ್ಪ ಅಲುಗಿದೆ. ಆ ಇರುಳಿಗೆ ಅದೇ ತಕ್ಕದ್ದೆಂದು ತೋರುತ್ತದೆ. ಅದೇ ರಾತ್ರಿ ಲೈಫ್ ಪತ್ರಿಕೆಯ ಮಾರ್ಗರೆಟ್ ಬರ್ಕ್-ವೈಟ್ ಕೂಡ ಅಲ್ಲಿದ್ದಳು. ಸಾಮಾನ್ಯಳಲ್ಲ, 1946ರಲ್ಲಿ ಗಾಂಧೀಜಿ ಚರಕದ ಬಳಿ ಕುಳಿತಿರುವ ಪ್ರಸಿದ್ಧ ಚಿತ್ರವನ್ನು ತೆಗೆದವಳು ಆಕೆಯೇ. ಆಗ ಮೊದಲು ನೂಲುವುದನ್ನು ಕಲಿತುಕೋ, ಆಮೇಲೆ ಚಿತ್ರ ತೆಗೆ ಎಂದು ಆಶ್ರಮದವರು ವಿಧಿಸಿದ್ದರು. ಮಿಂಚುದೀಪಕ್ಕೆ ಮೂರೇ ಬಲ್ಬುಗಳ ಅನುಮತಿ. ಮರಣದ ಮನೆಯಲ್ಲಿ ಮಾತ್ರ ಆಕೆ ಮಿಂಚುದೀಪವನ್ನು ಹೊತ್ತಿಸಿದಾಗ ಅಲ್ಲಿದ್ದವರು ಕೆರಳಿ ಆಕೆಯನ್ನು ಹೊರಗೆ ಕಳುಹಿಸಿದರೆಂದು ಆಕೆಯ ಜೀವನಚರಿತ್ರೆಯಿಂದ ತಿಳಿಯುತ್ತದೆ. ಇಬ್ಬರೂ ಸಮರ್ಥರೇ. ಆದರೆ ದುಃಖವಿರುವ ಕಡೆ ಒಬ್ಬ ಬಾಗಿಲ ಬಳಿ ನಿಂತ, ಇನ್ನೊಬ್ಬಳು ಬೆಳಕನ್ನು ಎರಚಿದಳು.

ಸಂಘವನ್ನು ಸೇರುವುದು ಸುಲಭವಲ್ಲ. ಅಭ್ಯರ್ಥಿಯು ತನ್ನ ಚಿತ್ರಗಳ ಕಟ್ಟನ್ನು ವಾರ್ಷಿಕ ಸಭೆಯ ಮುಂದಿಡಬೇಕು. ಸಭೆ ಪ್ರಾಯಶಃ ಜೂನ್ ತಿಂಗಳ ಕೊನೆಯಲ್ಲಿ ಸೇರುತ್ತದೆ. ಸದಸ್ಯರು ಮತ ಹಾಕಿ ಒಪ್ಪಿದರೆ ಮೊದಲ ಮೆಟ್ಟಿಲು. ಸುಮಾರು ಎರಡು ವರ್ಷಗಳಾದ ಮೇಲೆ ಹೊಸ ಕೆಲಸವನ್ನು ತೋರಿಸಿ ಎರಡನೆಯ ಮೆಟ್ಟಿಲು. ಮತ್ತೆ ಅಷ್ಟೇ ಕಾಲ ಕಳೆದ ಮೇಲೆ ಪೂರ್ಣ ಸದಸ್ಯತ್ವ. ಆಮೇಲೆ ಸಂಘದ ಒಡೆತನದಲ್ಲಿ ಅವನಿಗೂ ಪಾಲು. ಕಲೆ ಮುಖ್ಯವೋ ಸುದ್ದಿ ಮುಖ್ಯವೋ, ವ್ಯಾಪಾರಿಗಳ ಜಾಹೀರಾತಿಗೆ ಚಿತ್ರ ತೆಗೆಯಬಹುದೋ ಕೂಡದೋ ಎಂಬ ಜಗಳಗಳು ಸಭೆಯಲ್ಲಿ ವರ್ಷವರ್ಷವೂ ನಡೆದಿವೆ. ಆದರೂ ಸಂಘ ಒಡೆಯಲಿಲ್ಲ. ಕಾರ್ತಿಯೆ-ಬ್ರೆಸ್ಸೋನ ಶಿಫಾರಸಿನ ಮೇಲೆ 1977ರಲ್ಲಿ ನಮ್ಮ ರಘು ರಾಯ್ ಅವರೂ ಅದನ್ನು ಸೇರಿದರು. 1984ರ ಭೋಪಾಲದ ವಿಷಾನಿಲ ದುರಂತದಲ್ಲಿ ಮಣ್ಣು ಮುಚ್ಚುತ್ತಿರುವ ಮಗುವಿನ ಮುಖವನ್ನು ಅವರು ತೆಗೆದ ಚಿತ್ರವನ್ನು ಕಂಡವರು ಮರೆಯಲಾರರು.

ಈ ಒಡೆತನಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. 1954ರ ಮೇ 16ರಂದು ಸ್ವಿಟ್ಜರ್ಲೆಂಡಿನ ವರ್ನರ್ ಬಿಷೋಫ್ ಪೆರು ದೇಶದ ಪರ್ವತಗಳಲ್ಲಿ ಮೋಟಾರು ಕಮರಿಗೆ ಉರುಳಿ ತೀರಿಕೊಂಡ. ಅದಾಗಿ ಒಂಬತ್ತೇ ದಿನಕ್ಕೆ ಕಾಪಾ ಇಂಡೋಚೀನಾದಲ್ಲಿ ನೆಲಬಾಂಬನ್ನು ಮೆಟ್ಟಿ ಸತ್ತ; ವಯಸ್ಸು ನಲವತ್ತು. 1956ರ ನವೆಂಬರ್ 10ರಂದು, ಕದನವಿರಾಮ ಘೋಷಣೆಯಾಗಿ ನಾಲ್ಕು ದಿನಗಳಾದ ಮೇಲೆ, ಸೂಯೆಜ್ ಕಾಲುವೆಯ ಬಳಿ ಷಿಮ್ ಗುಂಡಿಗೆ ಬಲಿಯಾದ. ಮೂರು ವರ್ಷಗಳೊಳಗೆ ಮೂವರು. 2007ರಲ್ಲಿ ಮೆಕ್ಸಿಕೋ ನಗರದಲ್ಲಿ ಮೂರು ಪೆಟ್ಟಿಗೆಗಳು ದೊರಕಿ ನ್ಯೂಯಾರ್ಕಿಗೆ ಬಂದುವು. ಅವುಗಳಲ್ಲಿ ಕಾಪಾ, ಗೆರ್ಡಾ, ಷಿಮ್ ಮೂವರೂ ಸ್ಪೇನಿನಲ್ಲಿ ತೆಗೆದ ಸುಮಾರು 4,500 ನೆಗೆಟಿವುಗಳಿದ್ದುವು. ತೆಗೆದವರು ಹೋಗಿ ಐವತ್ತು, ಎಪ್ಪತ್ತು ವರ್ಷಗಳಾಗಿದ್ದರೂ ಅವರ ಸಾಕ್ಷ್ಯ ಅಳಿದಿರಲಿಲ್ಲ.

ಇದುವರೆಗೆ ಧೈರ್ಯದ ಮಾತಾಯಿತು. ಧೈರ್ಯವೊಂದೇ ಸಾಕೆ? ಪರರ ಸಂಕಟದ ಮುಂದೆ ನಿಂತು ಅದನ್ನು ಚಿತ್ರಿಸುವುದು ಉಚಿತವೆ? ಈ ಪ್ರಶ್ನೆಯನ್ನು ಹೊರಗಿನವರಿಗಿಂತ ಮೊದಲು ಕೇಳಿಕೊಂಡವರು ಈ ಕಸುಬಿನವರೇ. ಜಾರ್ಜ್ ರೋಜರ್ 1945ರ ಏಪ್ರಿಲ್‌ನಲ್ಲಿ ಜರ್ಮನಿಯ ಬೆರ್ಗನ್-ಬೆಲ್ಸನ್ ಸೆರೆಶಿಬಿರವನ್ನು ಹೊಕ್ಕ. ಮರಗಳ ಕೆಳಗೆ ಹೆಣಗಳ ರಾಶಿ. ಚಿತ್ರ ತೆಗೆಯುತ್ತ ತೆಗೆಯುತ್ತ, ಆ ಹೆಣಗಳು ಚೌಕಟ್ಟಿನಲ್ಲಿ ಸೊಗಸಾಗಿ ಕೂಡುವಂತೆ ಕೋನವನ್ನು ಹುಡುಕುತ್ತಿರುವ ತನ್ನನ್ನು ತಾನೇ ಕಂಡು ಆತನಿಗೆ ಹೇಸಿಗೆಯಾಯಿತು. ಇನ್ನು ಯುದ್ಧದ ಚಿತ್ರವನ್ನು ತೆಗೆಯುವುದಿಲ್ಲವೆಂದು ನಿಶ್ಚಯಿಸಿ ಆಫ್ರಿಕದ ಹಳ್ಳಿಗಳ ಕಡೆಗೆ ಹೊರಟುಹೋದ. ಕಸುಬು ಕೈಯಲ್ಲಿ ಚೆನ್ನಾಗಿ ಪಳಗಿತೆಂದರೆ ಮನಸ್ಸು ಮರಗಟ್ಟುವ ಭಯವುಂಟು. ವೈದ್ಯರಿಗೂ ನ್ಯಾಯಾಧೀಶರಿಗೂ, ವರ್ಷಕ್ಕೊಮ್ಮೆ ಅದೇ ದುರಂತ ನಾಟಕವನ್ನು ಪಾಠಹೇಳುವ ನಮ್ಮಂಥ ಅಧ್ಯಾಪಕರಿಗೂ ಈ ಭಯ ತಪ್ಪಿದ್ದಲ್ಲ.

ಇನ್ನೊಂದು ಪಕ್ಕವನ್ನೂ ನೋಡಬೇಕು. 1951ರಲ್ಲಿ ಬಿಷೋಫ್ ಬಿಹಾರಕ್ಕೆ ಬಂದು ಕ್ಷಾಮದ ಚಿತ್ರಗಳನ್ನು ತೆಗೆದ. ಅವು ಲೈಫ್ ಪತ್ರಿಕೆಯಲ್ಲಿ ಪ್ರಕಟವಾದುವು. ಅದೇ ವರ್ಷ ಜೂನ್‌ನಲ್ಲಿ ಅಮೆರಿಕದ ಶಾಸನಸಭೆ ಭಾರತಕ್ಕೆ ಧಾನ್ಯಕ್ಕಾಗಿ 19 ಕೋಟಿ ಡಾಲರುಗಳ ಸಾಲವನ್ನು ಮಂಜೂರು ಮಾಡಿತು. ಚಿತ್ರಗಳಿಂದಲೇ ಇದಾಯಿತೆಂದು ಹೇಳುವುದು ಅತಿಶಯೋಕ್ತಿ. ಆದರೆ ಹಸಿವೆಂಬುದು ಅಂಕಿಸಂಖ್ಯೆಯಾಗಿ ಉಳಿಯದೆ ಮುಖವಾಗಿ ಎದುರು ನಿಂತಾಗ ತರ್ಕ ಮಾಡುವವರ ದನಿ ತಗ್ಗುತ್ತದೆ. 1993ರಲ್ಲಿ ಕೆವಿನ್ ಕಾರ್ಟರ್ ಸೂಡಾನಿನಲ್ಲಿ, ಕುಸಿದು ಬಿದ್ದ ಮಗುವನ್ನೂ ಅದರ ಹಿಂದೆ ಕುಳಿತ ಹದ್ದನ್ನೂ ಒಂದೇ ಚಿತ್ರದಲ್ಲಿ ತೆಗೆದ. ಲೋಕವೆಲ್ಲ ಸೂಡಾನಿನ ಕಡೆಗೆ ತಿರುಗಿತು; ಜೊತೆಗೆ, ಮಗುವನ್ನು ಎತ್ತಿಕೊಳ್ಳಲಿಲ್ಲವೇಕೆ ಎಂದು ಆತನನ್ನೇ ಕೇಳಿತು. ಹದ್ದನ್ನು ಓಡಿಸಿದೆನೆಂದು ಆತ ಹೇಳಿದ. ಮಗು ಆಹಾರ ಕೇಂದ್ರದ ಸಮೀಪದಲ್ಲಿಯೇ ಇತ್ತೆಂದೂ ಆಗ ಬದುಕಿಕೊಂಡಿತೆಂದೂ ಬಹಳ ಕಾಲದ ಮೇಲೆ ವರದಿಯಾಯಿತು. ಅಷ್ಟರಲ್ಲಿ, 1994ರ ಜುಲೈನಲ್ಲಿ, ಕಾರ್ಟರ್ ತನ್ನ ಪ್ರಾಣವನ್ನು ತಾನೇ ಕಳೆದುಕೊಂಡಿದ್ದ. ಅದಕ್ಕೆ ಆ ಒಂದು ಚಿತ್ರವೇ ಕಾರಣವೆಂದು ಹೇಳಲಾಗದು. ಗೆಳೆಯನ ಸಾವು, ಹಣದ ತೊಂದರೆ, ಕಂಡ ಕ್ರೌರ್ಯಗಳ ಹೊರೆ ಎಲ್ಲ ಸೇರಿದ್ದುವು. ಎತ್ತಿಕೊಳ್ಳಬಹುದಾದಾಗ ಎತ್ತಿಕೊಳ್ಳಲೇಬೇಕು, ಇದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಮನೆಯಲ್ಲಿ ಕುಳಿತು ಆತನನ್ನು ಪ್ರಶ್ನಿಸಿದವರೆಲ್ಲರೂ ಆ ದೇಶಕ್ಕೆ ಒಂದು ಹಿಡಿ ಧಾನ್ಯವನ್ನಾದರೂ ಕಳುಹಿಸಿದರೇ ಎಂಬ ಪ್ರಶ್ನೆಯೂ ಉಳಿಯುತ್ತದೆ.

ಕಾಲ ಬದಲಾಯಿತು. ಲೈಫ್ ವಾರಪತ್ರಿಕೆ 1972ರಲ್ಲಿ ನಿಂತಿತು. ಚಿತ್ರಗಳು ಈಗ ಕ್ಷಣದಲ್ಲಿ ಸಮುದ್ರವನ್ನು ದಾಟುತ್ತವೆ. ಕ್ಯಾಮೆರಾ ಎಲ್ಲರ ಕೈಯ ಫೋನಿನಲ್ಲಿದೆ. ಸಂಬಳದ ಹುದ್ದೆಗಳು ಕಡಿಮೆಯಾಗಿ, ತಮ್ಮ ಹೊಣೆಯ ಮೇಲೆ ತಾವೇ ಹೋಗುವವರು ಹೆಚ್ಚಿದ್ದಾರೆ. 2011ರ ಏಪ್ರಿಲ್ 20ರಂದು ಲಿಬಿಯಾದ ಮಿಸ್ರಾತದಲ್ಲಿ ಟಿಮ್ ಹೆದರಿಂಗ್ಟನ್, ಕ್ರಿಸ್ ಹಾಂಡ್ರೋಸ್ ಇಬ್ಬರೂ ಮಡಿದರು. ಹೆದರಿಂಗ್ಟನ್ ರಕ್ತಸ್ರಾವದಿಂದ ಸತ್ತ. ಬಳಿಯಲ್ಲಿದ್ದವರಿಗೆ ರಕ್ತ ಕಟ್ಟುವ ವಿಧಾನ ಗೊತ್ತಿದ್ದರೆ ಪ್ರಾಣ ಉಳಿಯುತ್ತಿತ್ತೇನೋ ಎಂದು ತಿಳಿದ ಆತನ ಮಿತ್ರ ಸೆಬಾಸ್ಟಿಯನ್ ಯುಂಗರ್, ಇಂಥವರಿಗೆ ಪ್ರಥಮ ಚಿಕಿತ್ಸೆಯನ್ನು ಕಲಿಸುವ ಸಂಸ್ಥೆಯೊಂದನ್ನು ಪ್ರಾರಂಭಿಸಿದ. ಕಾಪಾ ಕಟ್ಟಿದ ಸಂಘ ಕೃತಿಯ ಹಕ್ಕನ್ನು ಕಾಯಿತು. ಇದು ಜೀವವನ್ನು ಕಾಯುತ್ತದೆ. ದೆಹಲಿಯ ದಾನಿಷ್ ಸಿದ್ದೀಕಿ ಅವರು 2021ರ ಜುಲೈ 16ರಂದು ಅಫ್ಘಾನಿಸ್ಥಾನದಲ್ಲಿ ಹತರಾದರು. ರೊಹಿಂಗ್ಯಾ ನಿರಾಶ್ರಿತರ ಚಿತ್ರಗಳಿಗಾಗಿ 2018ರಲ್ಲಿ ರಾಯ್ಟರ್ಸ್ ಸಂಗಡಿಗರೊಡನೆ ಪುಲಿಟ್ಜರ್ ಬಹುಮಾನವನ್ನು ಪಡೆದಿದ್ದ ಅವರಿಗೆ, 2022ರಲ್ಲಿ ಮರಣಾನಂತರ ಮತ್ತೊಮ್ಮೆ ಅದು ಸಂದಿತು.

ಮೈಸೂರಿನವರಿಗೆ ಈ ಕಥೆಯಲ್ಲಿ ಒಂದು ಪಾಲುಂಟು. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿ ಮಹಾರಾಜಾ ಕಾಲೇಜಿನಲ್ಲಿ ಓದಿದ ಟಿ. ಎಸ್. ಸತ್ಯನ್ ಅವರು ಕ್ಯಾಮೆರಾವನ್ನೇ ಜೀವನೋಪಾಯವಾಗಿ ಹಿಡಿದರು. ಷಿಮ್ 1948ರಲ್ಲಿ ಯುನಿಸೆಫ್ ಸಂಸ್ಥೆಗಾಗಿ ಯೂರೋಪಿನ ಐದು ದೇಶಗಳನ್ನು ಸುತ್ತಿ, ಯುದ್ಧ ಮುಗಿದ ಮೇಲೆ ಉಳಿದ ಮಕ್ಕಳ ಚಿತ್ರಗಳನ್ನು ತೆಗೆದಿದ್ದ. ಅವುಗಳಲ್ಲೊಂದರಲ್ಲಿ, ಮನೆಯನ್ನು ಬರೆ ಎಂದರೆ ಕಪ್ಪುಹಲಗೆಯ ಮೇಲೆ ಗೋಜಲು ಗೆರೆಗಳನ್ನು ಗೀಚಿ ನಮ್ಮ ಕಡೆಗೆ ತಿರುಗಿ ನೋಡುವ ಹುಡುಗಿಯಿದ್ದಾಳೆ. ಅದೇ ಸಂಸ್ಥೆಗಾಗಿ ಸತ್ಯನ್ ಅವರೂ ನಮ್ಮ ದೇಶದ ಮಕ್ಕಳನ್ನು ಚಿತ್ರಿಸಿದರು; ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ನ್ಯೂಯಾರ್ಕಿನಲ್ಲಿ ಆ ಚಿತ್ರಗಳ ಪ್ರದರ್ಶನ ನಡೆಯಿತು. ಅವರ ಮಕ್ಕಳು ಬಡವರು, ಆದರೆ ದೀನರಲ್ಲ. ಬಡತನವನ್ನು ತೋರಿಸುವುದೂ ಬಡವನ ಮಾನವನ್ನು ಕಾಯುವುದೂ ಒಂದೇ ಚಿತ್ರದಲ್ಲಿ ಸಾಧ್ಯವೆಂಬುದಕ್ಕೆ ಇದು ನಿದರ್ಶನ. 2009ರಲ್ಲಿ ತೀರಿಕೊಳ್ಳುವವರೆಗೂ ಅವರಿಗೆ ಈ ಕಸುಬಿನಲ್ಲಿ ಬೇಸರ ಬಂದಂತೆ ಕಾಣಲಿಲ್ಲ.

ಚಿತ್ರಗಾರರ ಧರ್ಮವನ್ನು ಕುರಿತು ಇಷ್ಟು ಹೇಳಿದ ಮೇಲೆ ನೋಡುವವರ ಧರ್ಮವನ್ನು ಕುರಿತು ಒಂದು ಮಾತು. ನಾಳೆ ಬೆಳಿಗ್ಗೆ ಪತ್ರಿಕೆಯನ್ನು ಬಿಡಿಸಿದಾಗ ಚಿತ್ರದ ಕೆಳಗಿನ ಹೆಸರನ್ನು ಓದೋಣ. ಅಡಿಬರಹವನ್ನು ಓದೋಣ, ಯಾರು, ಎಲ್ಲಿ, ಯಾವಾಗ ಎಂಬುದು ಅದರಲ್ಲಿ ಇಲ್ಲದಿದ್ದರೆ ನಂಬಲು ಆತುರಪಡದಿರೋಣ. ಸುಳ್ಳು ಚಿತ್ರಗಳನ್ನು ಯಂತ್ರವೇ ಸೃಷ್ಟಿಸಬಲ್ಲ ಈ ಕಾಲದಲ್ಲಿ, ಅಲ್ಲಿ ನಿಂತು ಕಂಡವನೊಬ್ಬನು ತನ್ನ ಹೆಸರು ಹಾಕಿ ಕೊಡುವ ಸಾಕ್ಷ್ಯಕ್ಕೆ ಬೆಲೆ ಹೆಚ್ಚಿದೆಯೇ ಹೊರತು ಕಡಿಮೆಯಾಗಿಲ್ಲ. ಕುರುಕ್ಷೇತ್ರದಲ್ಲಿ ನಡೆದುದನ್ನೆಲ್ಲ ಸಂಜಯ ಹೇಳಿದ. ಧೃತರಾಷ್ಟ್ರ ಕೇಳಿದ, ನಿಟ್ಟುಸಿರು ಬಿಟ್ಟ, ಮುಂದೇನಾಯಿತು ಎಂದು ಮತ್ತೆ ಕೇಳಿದ. ಹೇಳಿದವನಲ್ಲಿ ಲೋಪವಿರಲಿಲ್ಲ. ನಮಗೆ ಕಣ್ಣುಂಟು, ಕಂಡ ಮೇಲೆ ಮಾಡಬೇಕಾದದ್ದು ಏನೆಂಬುದನ್ನು ಹಾಳೆ ಮಗುಚುವ ಮೊದಲು ಒಂದು ಕ್ಷಣವಾದರೂ ಯೋಚಿಸುವುದು ನಮ್ಮ ಪಾಲಿನ ಕೆಲಸ.